ಡಿವಿಡಿ ಸರಿಯಾಗಿ ಬರೆದಿದೆಯೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ಮಾನ್ಯರೇ, ನಮ್ಮ ತಂದೆಯವರು 1980ರ ದಶಕದಲ್ಲಿ ಧ್ವನಿಮುದ್ರಿಸಿಕೊಂಡಿದ್ದ ತಾಳಮದ್ದಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಹಾಕಿಕೊಂಡು, ವೇವ್ ಫೈಲುಗಳಾಗಿ 12 ಡಿವಿಡಿಗಳಿಗೆ ಬರ್ನ್ ಮಾಡಿದ್ದೇನೆ. ಪ್ರತಿ ಸಲವೂ ಯಶಸ್ವಿಯಾಯಿತೆಂಬ ಸಂದೇಶ ಬಂದಿದೆ. ಎರಡು ಮೂರು ಫೈಲು ಕೇಳಿ ನೋಡಿದೆ, ಚೆನ್ನಾಗಿವೆ. ಇನ್ನು ಕಂಪ್ಯೂಟರಿನಲ್ಲಿರುವುದನ್ನು ಅಳಿಸಬಹುದೇ?
– ಓದುಗರೊಬ್ಬರು, ಹೊನ್ನಾವರ

ಉತ್ತರ: ದಯವಿಟ್ಟು ಈಗಲೇ ಅಳಿಸಬೇಡಿ. ಆ ಸಂದೇಶಕ್ಕಿರುವ ಅರ್ಥ, ಬರೆಯುವ ಕೆಲಸ ನಡುವೆ ನಿಲ್ಲದೆ ಮುಗಿಯಿತು ಎಂಬುದಷ್ಟೇ. ಬರೆದದ್ದನ್ನು ಯಾರೂ ಇನ್ನೂ ಓದಿ ನೋಡಿಲ್ಲ. ಕಿವಿಯಿಂದ ಕೇಳಿ ನೋಡುವುದೂ ಪರೀಕ್ಷೆಯಾಗುವುದಿಲ್ಲ, ಏಕೆಂದರೆ ಗಂಟೆಗಟ್ಟಲೆಯ ಅರ್ಥಗಾರಿಕೆಯಲ್ಲಿ ಎಲ್ಲೋ ಒಂದು ಕ್ಷಣ ಕೆಟ್ಟಿದ್ದರೆ ಅದು ಕಿವಿಗೆ ಬೀಳುವ ಸಾಧ್ಯತೆ ತೀರ ಕಡಿಮೆ.

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಮೂಲದಲ್ಲಿದ್ದದ್ದೇ ಡಿಸ್ಕಿಗೆ ಬಂದಿದೆಯೇ ಎಂಬುದು ಮೊದಲನೆಯದು. ಇಮ್ಗ್‌ಬರ್ನ್‌ನಂತಹ ತಂತ್ರಾಂಶಗಳಲ್ಲಿ ಬರೆದಾದ ಮೇಲೆ ಹೋಲಿಸಿ ನೋಡುವ ‘ವೆರಿಫೈ’ ಆಯ್ಕೆ ಇದೆ. ಈಗಾಗಲೇ ಬರೆದು ಮುಗಿಸಿರುವ ನೀವು ಚೆಕ್‌ಸಮ್ ತೆಗೆಯುವುದು ಒಳ್ಳೆಯದು: ವಿಂಡೋಸಿನ ಸರ್ಟ್‌ಯುಟಿಲ್ (ಎಸ್‌ಎಚ್‌ಎ256 ಎಂದು ಸೂಚಿಸಿದರೆ) ಅಥವಾ ಲಿನಕ್ಸಿನ ಎಸ್‌ಎಚ್‌ಎ256ಸಮ್ ಪ್ರತಿ ಫೈಲಿಗೂ 64 ಅಕ್ಷರಗಳ ಒಂದು ಗುರುತನ್ನು ಕೊಡುತ್ತದೆ, ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾಗಿದ್ದರೂ ಆ ಗುರುತು ಪೂರ್ತಿ ಬೇರೆಯಾಗುತ್ತದೆ. ಕಂಪ್ಯೂಟರಿನಲ್ಲಿರುವ ಫೈಲಿನ ಗುರುತನ್ನು ಡಿಸ್ಕಿನಲ್ಲಿರುವುದರ ಗುರುತಿನೊಂದಿಗೆ ಹೋಲಿಸುವ ಮೊದಲು ಡಿಸ್ಕನ್ನು ಹೊರತೆಗೆದು ಮತ್ತೆ ಹಾಕಿ, ಇಲ್ಲದಿದ್ದರೆ ಕಂಪ್ಯೂಟರ್ ತನ್ನ ನೆನಪಿನಲ್ಲಿ ಉಳಿದದ್ದನ್ನೇ ತೋರಿಸಿಬಿಡಬಹುದು. ಸಾಧ್ಯವಾದರೆ ಬರೆದ ಡ್ರೈವ್ ಬಿಟ್ಟು ಬೇರೊಂದು ಡ್ರೈವಿನಲ್ಲಿ ಓದಿಸಿ. ಗುರುತುಗಳ ಪಟ್ಟಿಯನ್ನು ಇನ್ನು ಮುಂದೆ ಆಯಾ ಡಿಸ್ಕಿನಲ್ಲೇ ಸೇರಿಸಿ ಬರೆದರೆ, ಹತ್ತು ವರ್ಷಗಳ ನಂತರ ಮೂಲ ಇಲ್ಲದೆಯೂ ಪರೀಕ್ಷೆ ಮಾಡಬಹುದು.

ಎರಡನೆಯ ಪ್ರಶ್ನೆ ಡಿಸ್ಕಿನ ಗುಣಮಟ್ಟದ್ದು. ಹೆಚ್ಚಿನವರು ಎಡವುವುದು ಇಲ್ಲಿ. ಯಾವ ಡಿವಿಡಿಯೂ ತಪ್ಪಿಲ್ಲದೆ ಬರೆಯಲ್ಪಡುವುದಿಲ್ಲ. ಡ್ರೈವ್ ಓದುವಾಗ ಸಣ್ಣಪುಟ್ಟ ತಪ್ಪುಗಳನ್ನು ತಾನೇ ತಿದ್ದಿಕೊಂಡು ನಮಗೆ ಶುದ್ಧವಾದದ್ದನ್ನು ಕೊಡುತ್ತದೆ. ಹಾಗಾಗಿ ತಿದ್ದುವ ಶಕ್ತಿಯ ಅಂಚಿಗೆ ಬಂದು ನಿಂತಿರುವ ಡಿಸ್ಕೂ ಇವತ್ತಿನ ಹೋಲಿಕೆಯಲ್ಲಿ ಪಾಸಾಗುತ್ತದೆ. ನನ್ನದೇ ಒಂದು ಡಿವಿಡಿ ಹೀಗಿತ್ತು: ಹೋಲಿಕೆ ಸರಿಯಾಗಿ ಬಂದಿತ್ತು, ಆದರೆ ಕೊನೆಯ ಫೈಲಿಗೆ ಬರುತ್ತಿದ್ದಂತೆ ಡ್ರೈವ್ ವೇಗ ಇಳಿಸಿ, ಗುರ್ರೆಂದು, ಮತ್ತೆ ಮೊದಲಿನಿಂದ ವೇಗ ಹಿಡಿಯುತ್ತಿತ್ತು. ಆ ಸದ್ದನ್ನು ನಾನು ಅಲಕ್ಷಿಸಿದೆ. ಮೂರು ವರ್ಷಗಳ ನಂತರ ಅದೇ ಫೈಲು ತೆರೆಯಲಿಲ್ಲ.

ಈ ಒಳಗಿನ ತಪ್ಪುಗಳನ್ನು ಎಣಿಸಲು ನೀರೋ ಡಿಸ್ಕ್‌ಸ್ಪೀಡ್, ಆಪ್ಟಿ ಡ್ರೈವ್ ಕಂಟ್ರೋಲ್ ಮೊದಲಾದ ತಂತ್ರಾಂಶಗಳಿವೆ. ಡಿವಿಡಿಯಲ್ಲಿ ಸತತ ಎಂಟು ಬ್ಲಾಕುಗಳ (ತಪ್ಪು ತಿದ್ದಲೆಂದು ಮಾಡಿದ ಮಾಹಿತಿಯ ತುಣುಕುಗಳ) ಪಿಐ ತಪ್ಪುಗಳ, ಅಂದರೆ ತಿದ್ದುವ ಮೊದಲ ಹಂತದಲ್ಲಿ ಸಿಗುವ ತಪ್ಪುಗಳ, ಮೊತ್ತ 280ನ್ನು ದಾಟಬಾರದು. ಸಿಡಿಯಾದರೆ ಸೆಕೆಂಡಿಗೆ ಸರಾಸರಿ 220 ಮಿತಿ. ತಿದ್ದಲಾಗದ ತಪ್ಪು ಒಂದೂ ಇರಕೂಡದು. ಎಲ್ಲ ಡ್ರೈವುಗಳೂ ಈ ಲೆಕ್ಕ ಕೊಡುವುದಿಲ್ಲ, ಕೊಡುವ ಡ್ರೈವುಗಳಲ್ಲೂ ಅಂಕಿಗಳು ಒಂದಕ್ಕೊಂದು ಹೊಂದುವುದಿಲ್ಲವಾದ್ದರಿಂದ ನಿಮ್ಮ 12 ಡಿಸ್ಕುಗಳನ್ನೂ ಒಂದೇ ಡ್ರೈವಿನಲ್ಲಿ, ಒಂದೇ ವೇಗದಲ್ಲಿ ಅಳೆಯಿರಿ. ಲೆಕ್ಕ ಸಿಗದಿದ್ದರೆ ಓದುವ ವೇಗದ ನಕ್ಷೆಯನ್ನು ನೋಡಿ. ಒಳಗಿನಿಂದ ಹೊರಕ್ಕೆ ರೇಖೆ ನಯವಾಗಿ ಏರುತ್ತಾ ಹೋಗಬೇಕು. ನಡುವೆ ಕುಸಿದರೆ ಡ್ರೈವ್ ಅಲ್ಲಿ ತಿಣುಕುತ್ತಿದೆ ಎಂದರ್ಥ.

ಕುಸಿತ ಹೆಚ್ಚಾಗಿ ಕಾಣುವುದು ಹೊರ ಅಂಚಿನಲ್ಲಿ. ಬರವಣಿಗೆ ಒಳಗಿನಿಂದ ಆರಂಭವಾಗಿ ಅಂಚಿನಲ್ಲಿ ಮುಗಿಯುವುದರಿಂದ, 4.7 ಜಿಬಿಯನ್ನು ಭರ್ತಿ ತುಂಬದೆ ಕೊನೆಯಲ್ಲಿ ಒಂದಷ್ಟು ಜಾಗ ಬಿಡುವುದು ಲೇಸು. ಫಲಿತಾಂಶ ಚೆನ್ನಾಗಿಲ್ಲದ ಡಿಸ್ಕನ್ನು ಬೇರೆ ಕಂಪನಿಯ ಖಾಲಿ ಡಿಸ್ಕಿಗೆ, ಮಧ್ಯಮ ವೇಗದಲ್ಲಿ ಮತ್ತೆ ಬರೆಯಿರಿ.

ಇಷ್ಟೂ ಸರಿ ಬಂದ ಮೇಲೂ ಎರಡನೆಯ ಪ್ರತಿಯೊಂದು ಹಾರ್ಡ್ ಡಿಸ್ಕಿನಲ್ಲಿರಲಿ. ಇಂದಿನ ಅಂಕಿಗಳನ್ನು ದಿನಾಂಕದೊಂದಿಗೆ ಬರೆದಿಟ್ಟು ವರ್ಷಕ್ಕೊಮ್ಮೆ ಮತ್ತೆ ಅಳೆಯಿರಿ. ಅಂಕಿ ಏರುತ್ತಿರುವುದು ಕಂಡರೆ, ಓದಲು ಬರುತ್ತಿರುವಾಗಲೇ ಹೊಸ ಡಿಸ್ಕಿಗೆ ನಕಲು ಮಾಡಿಕೊಳ್ಳಿ.