ತೂಕ ಇಳಿದ ಸಂತೋಷ

"ಕಾಯಿಲೆ ಏನೇ ಇರಲಿ, ತೂಕವಂತೂ ಇಳಿಯಿತು." ಕ್ಯಾನ್ಸರ್ ರೋಗಿಗಳ ಆಪ್ತಸಲಹೆಗಾರ್ತಿಯಾಗಿ ಈ ಮಾತನ್ನು ನಾನು ಮತ್ತೆ ಮತ್ತೆ ಕೇಳುತ್ತಿದ್ದೇನೆ. ಪ್ರತಿ ಸಲವೂ ಕಳವಳವಾಗುವುದರಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಒಂದು ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರಿಗೆ 58 ವರ್ಷ. ದೊಡ್ಡಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಗಿ ಕೀಮೋ ನಡೆಯುತ್ತಿತ್ತು. ನಿದ್ರೆ ಬಾರದೆಂದು ನನ್ನ ಬಳಿಗೆ ಬಂದವರು, ದಪ್ಪಗಿದ್ದು ರೋಗವನ್ನು ತಾವೇ ತಂದುಕೊಂಡೆವೆಂದು ಮೊದಲೆರಡು ಭೇಟಿಗಳಲ್ಲಿ ಮರುಗುತ್ತಲೇ ಇದ್ದರು.

ಮೂರನೆಯ ಭೇಟಿಗೆ ಪತ್ನಿಯೊಂದಿಗೆ ಬಂದರು. ಕೂತ ಕೂಡಲೇ ಬೆಲ್ಟಿಗೆ ಹೊಸದಾಗಿ ಕೊರೆಸಿದ್ದ ತೂತನ್ನು ತೋರಿಸಿ, "ಇಪ್ಪತ್ತು ವರ್ಷದಿಂದ ಆಗದ್ದು ಐದೇ ತಿಂಗಳಲ್ಲಿ ಆಯಿತು ಮೇಡಂ, 92ರಿಂದ 81ಕ್ಕೆ ಬಂದೆ" ಎಂದರು. ಪತ್ನಿ ನಗಲಿಲ್ಲ. "ಈಗ ನೀರಿನ ಬಾಟಲಿಯ ಮುಚ್ಚಳವನ್ನೂ ಇವರಿಗೆ ನಾನೇ ತೆರೆದುಕೊಡಬೇಕು" ಎಂದಷ್ಟೇ ಹೇಳಿದರು. ಕೀಮೋ ಔಷಧಿಯಿಂದ ಬೆರಳುಗಳು ಜೋಮು ಹಿಡಿಯುವುದೂ ಉಂಟಾದ್ದರಿಂದ ಆ ಮಾತನ್ನು ವೈದ್ಯರಿಗೆ ತಿಳಿಸಲೆಂದು ಬರೆದಿಟ್ಟುಕೊಂಡೆ. ಆದರೆ ಹೊರಡುವಾಗ ಅವರು ಎರಡೂ ಕೈಗಳನ್ನು ಕುರ್ಚಿಯ ತೋಳಿಗೆ ಊರಿ, ಅರ್ಧ ಎದ್ದು, ಮತ್ತೆ ಕುಸಿದು ಕುಳಿತುದನ್ನು ಕಂಡಮೇಲೆ ಸುಮ್ಮನಿರಲಾಗಲಿಲ್ಲ. ಇನ್ನೂ ಹತ್ತು ನಿಮಿಷ ಕೂರಲು ಕೇಳಿಕೊಂಡೆ.

ಇಳಿದದ್ದು ಕೊಬ್ಬೊಂದೇ ಆಗಿರಲಾರದು, ಸ್ನಾಯುವೂ ಕರಗಿರಬಹುದು ಎಂದು ಹೇಳಿದೆ. ತಕ್ಕಡಿಗೆ ಈ ಎರಡರ ಭೇದ ತಿಳಿಯದು, ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಬಿಎಂಐಗೂ ತಿಳಿಯದು. ಮೈಯಲ್ಲಿ ಕೊಬ್ಬು ಉಳಿದೇ ಸ್ನಾಯು ಕ್ಷೀಣಿಸಿದಾಗ, ನೋಡುವವರಿಗೆ ಆ ವ್ಯಕ್ತಿ ಪುಷ್ಟಿಯಾಗಿಯೇ ಕಾಣುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಸ್ನಾಯು ಕಡಿಮೆಯಿರುವ ಕರುಳಿನ ಕ್ಯಾನ್ಸರ್ ರೋಗಿಗಳಲ್ಲಿ ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳೂ ಕೀಮೋದ ಅಡ್ಡಪರಿಣಾಮಗಳೂ ಹೆಚ್ಚು, ಬದುಕುಳಿಯುವ ಅವಧಿಯೂ ಕಡಿಮೆ ಎಂದು ಅನೇಕ ಅಧ್ಯಯನಗಳು ತೋರಿಸಿವೆ. ಕೀಮೋದ ಪ್ರಮಾಣವನ್ನು ಸಾಮಾನ್ಯವಾಗಿ ಎತ್ತರ ಮತ್ತು ತೂಕದಿಂದ ಲೆಕ್ಕ ಹಾಕುತ್ತಾರೆ. ಒಂದೇ ತೂಕದ ಇಬ್ಬರಲ್ಲಿ ಸ್ನಾಯು ಕಡಿಮೆಯಿರುವವರಿಗೆ ಅದೇ ಪ್ರಮಾಣ ಭಾರವಾಗಬಹುದು. ರೋಗದ ಹಂತ ತಿಳಿಯಲು ತೆಗೆದ ಸಿ.ಟಿ. ಸ್ಕ್ಯಾನಿನಲ್ಲಿಯೇ, ಸೊಂಟದ ಭಾಗದ ಬೆನ್ನೆಲುಬಿನ ಮೂರನೇ ಮೂಳೆಯ (ಕಶೇರುಕದ) ಮಟ್ಟದಲ್ಲಿ, ಸ್ನಾಯುವನ್ನು ಅಳೆಯಲು ಸಾಧ್ಯವಿದೆ. ಆದರೆ ಎಲ್ಲೆಡೆ ಅಳೆಯುವುದಿಲ್ಲ, ಕೇಳಬೇಕಾಗುತ್ತದೆ.

ಆದ್ದರಿಂದ ನಾನು ಕೊಟ್ಟ ಸಲಹೆ ಇಷ್ಟು: ತೂಕ ಇಳಿದದ್ದನ್ನು ಒಳ್ಳೆಯ ಸುದ್ದಿಯಂತಲ್ಲ, ದೂರಿನಂತೆ ವೈದ್ಯರಿಗೆ ಹೇಳಿ, ಆಹಾರತಜ್ಞರನ್ನು ಕಾಣದೆ ಊಟ ಕಡಿಮೆ ಮಾಡಬೇಡಿ, ವೈದ್ಯರು ಒಪ್ಪಿದ ಮೇಲೆ ಸ್ನಾಯುವಿಗೆ ಕೆಲಸ ಕೊಡುವ ವ್ಯಾಯಾಮವನ್ನು ಶುರುಮಾಡಿ. ಕ್ಯಾನ್ಸರ್ ರೋಗಿಗಳಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 1 ಗ್ರಾಂಗಿಂತ ಹೆಚ್ಚು, ಸಾಧ್ಯವಾದರೆ 1.5 ಗ್ರಾಂವರೆಗೆ ಪ್ರೋಟೀನ್ ಬೇಕೆಂಬುದು ಯುರೋಪಿನ ಪೋಷಣಾ ತಜ್ಞರ ಮಾರ್ಗಸೂಚಿ; ಇವರು ಪಥ್ಯವೆಂದು ಒಪ್ಪೊತ್ತು ಉಣ್ಣುತ್ತಿದ್ದರು.

ಇದು ಆಪ್ತಸಲಹೆಗಾರ್ತಿಯ ಕೆಲಸವಲ್ಲ, ಹೆದರಿದವರನ್ನು ಮತ್ತಷ್ಟು ಹೆದರಿಸಿದಿರಿ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪಲಿಲ್ಲ. ಅವರನ್ನು ಉಪವಾಸ ಕೆಡವಿದ್ದು ಹಸಿವಿಲ್ಲದಿರುವಿಕೆಯಷ್ಟೇ ಅಲ್ಲ, ತಮ್ಮ ದೇಹದ ಬಗೆಗಿದ್ದ ನಾಚಿಕೆಯೂ ಹೌದು. ನಾಚಿಕೆ ನನ್ನ ಕ್ಷೇತ್ರವೇ. ಹಾಗೆಂದು ಸುಳ್ಳು ಭರವಸೆಯನ್ನೂ ಕೊಡಲಿಲ್ಲ. 2025ರಲ್ಲಿ ಪ್ರಕಟವಾದ ಚಾಲೆಂಜ್ ಎಂಬ ಅಧ್ಯಯನದಲ್ಲಿ, ದೊಡ್ಡಕರುಳಿನ ಕ್ಯಾನ್ಸರ್‌ಗೆ ಕೀಮೋ ಮುಗಿಸಿದ 889 ಮಂದಿಯ ಪೈಕಿ ಮಾರ್ಗದರ್ಶನದಲ್ಲಿ ವ್ಯಾಯಾಮ ಮಾಡಿದ ಗುಂಪಿನಲ್ಲಿ 5 ವರ್ಷಗಳ ನಂತರ ಕ್ಯಾನ್ಸರ್ ಇಲ್ಲದೆ ಬದುಕಿದ್ದವರ ಪ್ರಮಾಣ ಸುಮಾರು ಶೇ. 80, ಆರೋಗ್ಯ ಮಾಹಿತಿಯನ್ನಷ್ಟೇ ಪಡೆದವರಲ್ಲಿ ಶೇ. 74. ಕೀಮೋ ನಡೆಯುತ್ತಿರುವಾಗಲೇ ಇದನ್ನು ಅವರಿಗೆ ಅನ್ವಯಿಸಲಾಗದು ಎಂಬುದನ್ನೂ ಸೇರಿಸಿಯೇ ಹೇಳಿದೆ.

ಈಗ ಅವರ ಪತ್ನಿಯ ನೋಟ್‌ಬುಕ್ಕಿನಲ್ಲಿ ತೂಕದ ಪಕ್ಕ, ಕೈ ಊರದೆ ಕುರ್ಚಿಯಿಂದ ಎಷ್ಟು ಸಲ ಎದ್ದರೆಂಬ ಅಂಕಿಯೂ ಇದೆ. ಮೊದಲ ದಿನ ಒಂದು, ಕಳೆದ ವಾರ ನಾಲ್ಕು. "ಮತ್ತೆ ದಪ್ಪಗಾಗುವುದಿಲ್ಲ ತಾನೇ?" ಎಂದು ಅವರು ಈಗಲೂ ಕೇಳುತ್ತಾರೆ; ಮುಂದಿನ ಭೇಟಿಯಲ್ಲಿ ನಾವು ಆ ಪ್ರಶ್ನೆಯಿಂದಲೇ ಆರಂಭಿಸಲಿದ್ದೇವೆ.