ಇಂಗ್ಲೆಂಡಿನಲ್ಲಿ ಹೊಸ ಜಿಪಿ (ಸ್ಥಳೀಯ ಕುಟುಂಬ ವೈದ್ಯರು) ಬಳಿ ನೋಂದಾಯಿಸುವಾಗ ಆರೋಗ್ಯ ತಪಾಸಣೆ ಕಡ್ಡಾಯವೇ?

ಕಡ್ಡಾಯವಲ್ಲ. ನೋಂದಣಿ ಉಚಿತ; ಅದಕ್ಕೆ ಗುರುತಿನ ಚೀಟಿಯಾಗಲಿ ವಿಳಾಸದ ಪುರಾವೆಯಾಗಲಿ ಇರಲೇಬೇಕೆಂಬ ನಿಯಮವೂ ಇಲ್ಲ.

ನೋಂದಣಿಯ ಬಳಿಕ ಅನೇಕ ಕಡೆ ಹೊಸ ರೋಗಿಯ ತಪಾಸಣೆಗೆ ಕರೆಯುತ್ತಾರೆ. ಸಾಮಾನ್ಯವಾಗಿ ನರ್ಸ್ ಅಥವಾ ಆರೋಗ್ಯ ಸಹಾಯಕರು ಎತ್ತರ, ತೂಕ, ರಕ್ತದೊತ್ತಡ ನೋಡಿ, ಧೂಮಪಾನ, ಮದ್ಯಪಾನ, ಅಲರ್ಜಿ ಹಾಗೂ ಮನೆತನದಲ್ಲಿರುವ ಸಕ್ಕರೆ ಕಾಯಿಲೆ, ಹೃದ್ರೋಗಗಳ ವಿವರವನ್ನು ಕೇಳಿ ಬರೆದುಕೊಳ್ಳುತ್ತಾರೆ. ನಮ್ಮವರು ಇದನ್ನು ತಪ್ಪಿಸಬಾರದೆಂಬುದು ನನ್ನ ಅಭಿಪ್ರಾಯ. ಏಕೆಂದರೆ ದಕ್ಷಿಣ ಏಷ್ಯಾ ಮೂಲದವರಿಗೆ ಕಡಿಮೆ ತೂಕದಲ್ಲೇ ಮಧುಮೇಹದ ಅಪಾಯ ಹೆಚ್ಚುವುದರಿಂದ, ಸಾಮಾನ್ಯವಾಗಿ 25 ಇರುವ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಎಚ್ಚರಿಕೆಯ ಮಿತಿಯನ್ನು ಅಲ್ಲಿ ನಮಗೆ 23ಕ್ಕೆ ಇಳಿಸಲಾಗಿದೆ.

ಊರಿನಿಂದ ಮಾತ್ರೆ ಒಯ್ದಿದ್ದರೆ ವೈದ್ಯರ ಚೀಟಿಯ ಜೊತೆ ಮಾತ್ರೆಯ ಸ್ಟ್ರಿಪ್ಪನ್ನೂ ತೋರಿಸಿ, ಔಷಧದ ಮೂಲ ಹೆಸರನ್ನು ಹೇಳಿ: ಡೋಲೋ 650 ಎಂದರೆ ಅಲ್ಲಿಯ ನರ್ಸ್‌ಗೆ ತಿಳಿಯದಿರಬಹುದು, ಪ್ಯಾರಸಿಟಮಾಲ್ ಎಂದರೆ ತಕ್ಷಣ ತಿಳಿಯುತ್ತದೆ.

40ರಿಂದ 74 ವರ್ಷದವರಿಗೆ 5 ವರ್ಷಕ್ಕೊಮ್ಮೆ ನಡೆಯುವ ಎನ್‌ಎಚ್‌ಎಸ್ (ಅಲ್ಲಿಯ ಸರ್ಕಾರಿ ಆರೋಗ್ಯ ಸೇವೆ) ಹೆಲ್ತ್ ಚೆಕ್ ಬೇರೆಯೇ; ಕೊಲೆಸ್ಟ್ರಾಲ್ ಪರೀಕ್ಷೆ ಸೇರಿರುವ ಅದು, ಈಗಾಗಲೇ ಹೃದ್ರೋಗ ಅಥವಾ ಮಧುಮೇಹ ಇರುವವರಿಗೆ ಅನ್ವಯಿಸುವುದಿಲ್ಲ, ಅವರ ತಪಾಸಣೆ ಪ್ರತ್ಯೇಕವಾಗಿ ನಡೆಯುತ್ತದೆ.