ಅತಿವಾಹಕ ಅಯಸ್ಕಾಂತ ಹಠಾತ್ತನೆ ಬಿಸಿಯಾದರೆ

ಪ್ರಶ್ನೆ: ಕಣವೇಗವರ್ಧಕಗಳ ಅತಿವಾಹಕ ಅಯಸ್ಕಾಂತಗಳು ಕೆಲವೊಮ್ಮೆ ‘ಕ್ವೆಂಚ್’ ಆಗುತ್ತವೆ ಎಂದು ಓದಿದೆ. ಹಾಗೆಂದರೇನು? ಆಗ ಅವು ಸುಟ್ಟುಹೋಗುವುದಿಲ್ಲವೇ?
– ಪದವಿ ವಿದ್ಯಾರ್ಥಿನಿ, ಬದಿಯಡ್ಕ, ಕಾಸರಗೋಡು

ಉತ್ತರ: ಅತಿವಾಹಕ ತಂತಿಯು ರೋಧವಿಲ್ಲದ ತನ್ನ ಸ್ಥಿತಿಯನ್ನು ಹಠಾತ್ತನೆ ಕಳೆದುಕೊಂಡು ಸಾಮಾನ್ಯ ಲೋಹದಂತೆ ಬಿಸಿಯಾಗತೊಡಗುವುದೇ ಕ್ವೆಂಚ್. ಜಿನೀವಾ ಸಮೀಪದ ಸರ್ನ್ ಸಂಸ್ಥೆಯ ಎಲ್‌ಎಚ್‌ಸಿ (ಲಾರ್ಜ್ ಹೇಡ್ರಾನ್ ಕೊಲೈಡರ್) ಎಂಬ ಕಣವೇಗವರ್ಧಕದಲ್ಲಿ ಕಣಗಳ ಹಾದಿಯನ್ನು ಬಾಗಿಸುವ, ಸುಮಾರು 15 ಮೀಟರ್ ಉದ್ದದ 1232 ದ್ವಿಧ್ರುವ ಅಯಸ್ಕಾಂತಗಳಿದ್ದು, ಅವುಗಳ ನಿಯೋಬಿಯಂ-ಟೈಟಾನಿಯಂ ಸುರುಳಿಗಳನ್ನು ದ್ರವ ಹೀಲಿಯಂನಿಂದ 1.9 ಕೆಲ್ವಿನ್‌ಗೆ, ಅಂದರೆ ಮೈನಸ್ 271 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗಿಸಲಾಗುತ್ತದೆ. ಅಷ್ಟು ಶೀತದಲ್ಲಿ ಲೋಹವು ಅತ್ಯಲ್ಪ ಶಾಖಕ್ಕೂ ಥಟ್ಟನೆ ಬಿಸಿಯೇರುವುದರಿಂದ, ಕಾಂತಬಲದ ಒತ್ತಡಕ್ಕೆ ತಂತಿ ಕೆಲವೇ ಮೈಕ್ರೋಮೀಟರ್ ಜರುಗಿದಾಗಿನ ಘರ್ಷಣೆಯೇ ಸಾಕಾಗುತ್ತದೆ.

ಅಡಿಕೆ ತೋಟದ ಪಂಪ್‌ಶೆಡ್ಡಿನಲ್ಲಿ ಸಡಿಲವಾದ ಜಾಯಿಂಟೊಂದು ಕಾದು ವಯರಿನ ಹೊದಿಕೆಯನ್ನೇ ಕರಗಿಸಿದ್ದನ್ನು ನೀವು ಕಂಡಿರಬಹುದು. ಅಲ್ಲಿ ಹರಿಯುವುದು ಹತ್ತಿಪ್ಪತ್ತು ಆಂಪಿಯರ್. ಇಲ್ಲಿ 11,000ಕ್ಕೂ ಹೆಚ್ಚು. ಆದ್ದರಿಂದ ನಿಮ್ಮ ಆತಂಕ ಸಕಾರಣವೇ. ಶಾಖವನ್ನು ಒಂದೇ ಬಿಂದುವಿನಲ್ಲಿ ನಿಲ್ಲಗೊಡದಿರುವುದೇ ಇದಕ್ಕೆ ಉಪಾಯ: ಸುರುಳಿಯಲ್ಲಿ 0.1 ವೋಲ್ಟಿನಷ್ಟು ಅಸಹಜ ವೋಲ್ಟೇಜ್ 10 ಮಿಲಿಸೆಕೆಂಡು ಉಳಿದರೆ ಸಾಕು, ಹೀಟರ್ ಪಟ್ಟಿಗಳು ಸುರುಳಿಯ ಬಹುಭಾಗವನ್ನು ಬೇಕೆಂದೇ ಬಿಸಿಮಾಡುತ್ತವೆ, ಮತ್ತು ಉಳಿದ ಅಯಸ್ಕಾಂತಗಳ ವಿದ್ಯುತ್ತು ಕ್ವೆಂಚ್ ಆದ ಅಯಸ್ಕಾಂತವನ್ನು ಬಿಟ್ಟು, ಡಯೋಡಿನ ಬದಲಿ ದಾರಿಯಲ್ಲಿ ಸಾಗುತ್ತದೆ. ಈ ಹೀಟರ್‌ಗಳಿಗೆ ವಿದ್ಯುತ್ ಒದಗಿಸುವ ಸಾಧನಗಳನ್ನು ಭಾರತವೇ ತಯಾರಿಸಿ ಕೊಟ್ಟಿತೆಂಬುದು ನಮಗೆಲ್ಲ ಅಭಿಮಾನದ ಸಂಗತಿ.

2008ರ ಸೆಪ್ಟೆಂಬರ್ 19ರಂದು ಎಲ್‌ಎಚ್‌ಸಿಯಲ್ಲಿ ಸಂಭವಿಸಿದ ಅವಘಡಕ್ಕೆ ಕಾರಣವಾದದ್ದು, ನಿಮ್ಮೂರಿನ ಪಂಪ್‌ಶೆಡ್ಡಿನಲ್ಲಿ ಆಗುವಂತೆಯೇ, ಎರಡು ಅಯಸ್ಕಾಂತಗಳ ನಡುವಿನ ದೋಷಪೂರ್ಣ ಜಾಯಿಂಟು. ವಿದ್ಯುತ್ ಕಿಡಿಯು ಹೀಲಿಯಂ ಕವಚವನ್ನು ತೂತು ಮಾಡಿ, ಟನ್‌ಗಟ್ಟಲೆ ಹೀಲಿಯಂ ಹೊರನುಗ್ಗಿ, ಯಂತ್ರವು ವರ್ಷಕ್ಕೂ ಮಿಕ್ಕಿ ಸ್ಥಗಿತಗೊಂಡಿತು.